ಸಿದ್ರಾಮಪ್ಪನವರು ಓದಲಾರದ ರಿಪೋರ್ಟು

ಮಿರಜಿನಲ್ಲಿ ಕಣ್ಣು ಮುಚ್ಚಿ ಒಂದು ಕಲ್ಲೆಸೆದರೆ ಅದು ಯಾವುದೋ ದವಾಖಾನೆಯ ಬೋರ್ಡಿಗೆ ಬೀಳುತ್ತದೆ, ಇಲ್ಲವಾದರೆ ದವಾಖಾನೆಗೆ ಹೊರಟವನ ತಲೆಗೆ ಬೀಳುತ್ತದೆ. ತಲೆಗೆ ಬಿದ್ದರೂ ಚಿಂತೆಯಿಲ್ಲ, ದವಾಖಾನೆ ಎದುರಿಗೇ ಇರುತ್ತದೆ. ಅಥಣಿ, ರಾಯಬಾಗ, ಉಗಾರ, ಚಿಕ್ಕೋಡಿ ಕಡೆಯ ಯಾರಿಗೆ ಎದೆ ಚುಚ್ಚಿದರೂ, ಮೊಣಕಾಲು ಹಿಡಿದುಕೊಂಡರೂ ಅವರು ಬರುವುದು ಇಲ್ಲಿಗೆ. ಬಂದವರು ನೆಟ್ಟಗೆ ಡಾಕ್ಟರ ಹತ್ತಿರ ಹೋಗುತ್ತಾರೆಂದು ತಿಳಿದರೆ ನಿಮಗೆ ಈ ಸೀಮೆಯ ರೀತಿ ತಿಳಿಯದು. ಅವರು ಮೊದಲು ನಮ್ಮ ಮನೆ ಮಾಲೀಕರಾದ ಸಿದ್ರಾಮಪ್ಪನವರ ಹತ್ತಿರ ಬರುತ್ತಾರೆ.

ಸಿದ್ರಾಮಪ್ಪನವರದು ಮಾರ್ಕೆಟ್ಟಿನಲ್ಲಿ ಬೆಲ್ಲದ ಅಂಗಡಿ. ವೈದ್ಯಶಾಸ್ತ್ರಕ್ಕೂ ಅವರಿಗೂ ಇರುವ ಸಂಬಂಧವೆಂದರೆ, ಡಾಕ್ಟರುಗಳು ಸಕ್ಕರೆ ಬಿಡಿ ಎಂದಾಗ ಜನ ಬೆಲ್ಲ ಕೊಳ್ಳಲು ಇವರ ಅಂಗಡಿಗೆ ಬರುತ್ತಾರೆ, ಅಷ್ಟೇ. ಆದರೂ ಮೂವತ್ತು ವರ್ಷಗಳಿಂದ ಬೀಗರು, ಬಿಜ್ಜರು, ಬೀಗರ ಬೀಗರು ಇವರ ಮನೆಯಲ್ಲಿ ಇಳಿದು, ರಿಪೋರ್ಟನ್ನು ಇವರ ಕೈಗೇ ಮೊದಲು ಕೊಡುವುದು ರೂಢಿಯಾಗಿದೆ. ಸಿದ್ರಾಮಪ್ಪನವರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಒಂದು ಕಣ್ಣು ಮುಚ್ಚುತ್ತಾರೆ. "ಹ್ಞೂಂ" ಎನ್ನುತ್ತಾರೆ. ಕೊನೆಗೆ ತೀರ್ಪು ಕೊಡುತ್ತಾರೆ: "ಏನೂ ಆಗಿಲ್ಲ. ಎಲ್ಲಾ ಚಲೋ ಐತಿ."

ಕಾಲು ಮುರಿದವನಿಗೂ ಎಲ್ಲಾ ಚಲೋ ಐತಿ, ಮೂತ್ರಪಿಂಡದಲ್ಲಿ ಕಲ್ಲಿದ್ದವನಿಗೂ ಎಲ್ಲಾ ಚಲೋ ಐತಿ. ಕೇಳಿದವರು ಅರ್ಧ ಗುಣವಾಗಿ ದವಾಖಾನೆಗೆ ಹೋಗುತ್ತಿದ್ದರು. ಮಿಕ್ಕರ್ಧವನ್ನು ಡಾಕ್ಟರು ನೋಡಿಕೊಳ್ಳುತ್ತಿದ್ದರು. ಹೆಸರು ಮಾತ್ರ ಸಿದ್ರಾಮಪ್ಪನವರಿಗೆ.

"ಗೊತ್ತಿಲ್ಲ" ಎಂಬ ಮಾತು ಆ ಬಾಯಿಂದ ಹೊರಬಿದ್ದದ್ದನ್ನು ಕೇಳಿದವರು ಮಿರಜಿನಲ್ಲಿ ಯಾರೂ ಇರಲಿಲ್ಲ. ಒಮ್ಮೆ ಸ್ಟೇಶನ್ ರಸ್ತೆಯಲ್ಲಿ ಒಬ್ಬ ಪರಸ್ಥಳದವನು ಯಾವುದೋ ಲಾಜಿನ ಹೆಸರು ಹೇಳಿ ದಾರಿ ಕೇಳಿದ. ಇವರು ಕೈ ಮಾಡಿ ಎಡಕ್ಕೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಅವನು ಊರೆಲ್ಲ ಸುತ್ತಿ ಬಲಗಡೆಯಿಂದ ಬಂದು ಮತ್ತೆ ಕೇಳಿದ. ಒಂದಿಷ್ಟೂ ಅಳುಕದೆ ನೆಟ್ಟಗೆ ಮುಂದಕ್ಕೆ ಕಳಿಸಿದರು. ನಾನು ಪಕ್ಕದಲ್ಲೇ ಇದ್ದೆ. ಮಾತಾಡಲಿಲ್ಲ. ನಾನು ಅವರ ಮಾಳಿಗೆಯ ಮೇಲಿನ ಬಾಡಿಗೆದಾರ, ಇಲ್ಲಿನ ಕನ್ನಡ ಶಾಲೆಯ ಮಾಸ್ತರ, ಮತ್ತು ಮಾಳಿಗೆಗೆ ನೀರು ಬಿಡುವ ವಾಲ್ವು ಅವರ ಅಡುಗೆಮನೆಯಲ್ಲಿದೆ.

ಇಂಥವರಿಗೆ ಒಬ್ಬಳೇ ಮಗಳು, ಪ್ರಣಿತಾ. ಇಂಜಿನಿಯರಿಂಗ್ ಓದಿ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. "ನಮ್ಮ ಪ್ರಣಿತಾ ದವಾಖಾನಿ ಮಷೀನ್ ಮಾಡ್ತಾಳ" ಎಂದು ಸಿದ್ರಾಮಪ್ಪನವರು ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಎಂಥ ಮಷೀನ್ ಎಂದು ಯಾರಾದರೂ ಕೇಳಿದರೆ "ದೊಡ್ಡದು" ಎನ್ನುತ್ತಿದ್ದರು. ಅದು ಸಾಬೂನಿನ ಡಬ್ಬಿಯಷ್ಟಿತ್ತು. ಮಗಳನ್ನು ಕೇಳಿದ್ದರೆ ಹೇಳುತ್ತಿದ್ದಳು. ಕೇಳುವುದೆಂದರೆ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ, ಆದ್ದರಿಂದ ಕೇಳಿರಲಿಲ್ಲ.

ಕೇಳದೆ ಬಿಟ್ಟದ್ದು ಇನ್ನೊಂದಿತ್ತು. ಸಾಂಗಲಿಯ ಅರಿಷಿಣ ವ್ಯಾಪಾರಿ ಗುರಲಿಂಗಪ್ಪನವರು ತಮ್ಮ ಮಗ ಸೌರಭನಿಗೆ ಪ್ರಣಿತಾಳನ್ನು ತರಬೇಕೆಂದು ಫೋನು ಮಾಡಿದ್ದರು. ಮಾತು ಮುಗಿಸುವ ಮೊದಲು, "ಅಲ್ರಿ, ಹುಡುಗಿ ಮನಸಿನ್ಯಾಗ ಏನೈತಿ?" ಎಂದು ಕೇಳಿದರು. ಸಿದ್ರಾಮಪ್ಪನವರು ತಕ್ಕಡಿಯಿಂದ ತಲೆ ಎತ್ತದೆ, "ಅಕೀದು ಹೂಂನ ಐತ್ರಿ" ಎಂದುಬಿಟ್ಟರು. ಐತವಾರ ಹುಡುಗಿ ನೋಡಲು ಬರುವುದೆಂದು ನಿಶ್ಚಯವಾಯಿತು. ಪ್ರಣಿತಾಳಿಗೆ ಈ ಸುದ್ದಿಯನ್ನು ತಾಯಿ ಸರುಬಾಯಿ ರೊಟ್ಟಿ ಬಡಿಯುತ್ತ ಹೇಳಿದರು. "ನನಗ ಈಗ ಕೆಲಸ ಭಾಳ ಐತಿ ಆಯಿ" ಎಂದಳು ಪ್ರಣಿತಾ. ಅದನ್ನು ಯಾರೂ ಉತ್ತರವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ಕೆಲಸ ನಿಜಕ್ಕೂ ಬಹಳವಿತ್ತು. ಸೋಮವಾರ ಆ ಡಬ್ಬಿಯ ನಕ್ಷೆ ಎಲೆಕ್ಟ್ರಾನಿಕ್ ಚಿಪ್ ಮಾಡುವವರ ಕೈಗೆ ಹೋಗಬೇಕು. ಹುಡುಗಿ ಊಟದ ಮೇಜಿನ ಮೇಲೆ ಕಂಪ್ಯೂಟರ್ ಹರವಿಕೊಂಡು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಉಂಡರೂ ಉಣ್ಣದಿದ್ದರೂ ಒಂದೇ ಎನ್ನುವಂತೆ ಕುಳಿತಿರುತ್ತಿದ್ದಳು.

ಬುಧವಾರ ಸಂಜೆ ಸಿದ್ರಾಮಪ್ಪನವರು ಅಂಗಡಿಯಿಂದ ಬಂದಾಗ ಮೇಜಿನ ಹತ್ತಿರ ಯಾರೂ ಇರಲಿಲ್ಲ. ಪ್ರಣಿತಾ ಹೊರಗಿನ ಗ್ಯಾಲರಿಯಲ್ಲಿ ನಿಂತು ಕಂಪನಿಯ ಗೆಳತಿ ನೇತ್ರಾಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಇವರು ಕಂಪ್ಯೂಟರ್ ಕಡೆ ನೋಡಿದರು. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳು ಏರುತ್ತ ಇಳಿಯುತ್ತ ಚೆಂದಾಗಿ ಹೊರಟಿದ್ದವು. ನಡುವೆ ಒಂದು ಗೆರೆ ಒಮ್ಮೆಲೇ ಕೆಂಪಾಗಿತ್ತು. ಅದರ ಕೆಳಗಿನದು ಕೆಂಪು, ಅದರ ಕೆಳಗಿನದೂ ಕೆಂಪು. ಕೊನೆಯ ತನಕ ಕೆಂಪು ಪಟ್ಟಿಗಳು ಅಲ್ಲಾಡದೆ ಮಲಗಿಬಿಟ್ಟಿದ್ದವು. ಮೇಲೆ ಇಂಗ್ಲಿಷಿನಲ್ಲಿ 'ಪ್ರಣಿತಾ' ಎಂದಿತ್ತು. ಪಕ್ಕದಲ್ಲಿ ವೈರು ಸಿಕ್ಕಿಸಿದ ಒಂದು ಡಬ್ಬಿ.

ಮಿರಜಿನಲ್ಲಿ ಹುಟ್ಟಿದ ಕೂಸೂ ಹೃದಯದ ಗ್ರಾಫನ್ನು ಗುರುತಿಸುತ್ತದೆ. ಆಗಲೇ ಗ್ಯಾಲರಿಯಿಂದ ಮಗಳ ದನಿ ಕೇಳಿತು.

"ನೇತ್ರಾ, ಹೊರಗಿಂದ ನೋಡಿದ್ರ ಏನೂ ಗೊತ್ತಾಗಂಗಿಲ್ಲ. ಎರಡ ತಿಂಗಳು ಎಲ್ಲಾ ಚಲೋ ಅನಿಸ್ತು. ಒಳಗ ಒಂದು ಕಡೆ ಶುರು ಆಗಿ ಪೂರಾ ಹರಡೇತಿ. ಎಲ್ಲಿಂದ ಶುರು ಆಗೇತಂತ ಸೋಮವಾರದೊಳಗ ಸಿಗಲಿಲ್ಲಂದ್ರ ಸಂಪಲಂಚ. ಮುಗೀತು."

ಸಿದ್ರಾಮಪ್ಪನವರು ಜೇಬಿನಿಂದ ಮೊಬೈಲು ತೆಗೆದು, ಮೇಲಿನ ಹೆಸರು ಬಾರದಂತೆ ಪರದೆಯ ಫೋಟೋ ಹೊಡೆದುಕೊಂಡು, ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು.

"ಮಾಸ್ತರ, ಇದು ಏನಂತ ನನಗ ಗೊತ್ತೈತಿ. ನಿಮಗ ಗೊತ್ತೈತೇನು ನೋಡೂಣಂತ ತೋರಸಾಕತ್ತೇನಿ."

ನಾನು ನೋಡಿದೆ. ಕೆಂಪು ಗೆರೆಗಳ ಜೊತೆಗೆ ಮೂಲೆಯಲ್ಲಿ ಒಂದು ದೊಡ್ಡ ಹೆಬ್ಬೆರಳೂ ಬಿದ್ದಿತ್ತು. "ನನಗೆ ಗೊತ್ತಿಲ್ಲ, ಪ್ರಣಿತಾಳನ್ನೇ ಕೇಳಿ" ಎಂದೆ.

"ಕೇಳೂದಾ?" ಅವರು ಹೌಹಾರಿದರು. "ಮೂವತ್ತ ವರ್ಷ ಊರ ಮಂದಿ ರಿಪೋರ್ಟ್ ಓದಿದಾಂವ, ಮಗಳ ರಿಪೋರ್ಟ್ ಏನಂತ ಮಗಳನ್ನ ಕೇಳ್ಲೇನ್ರಿ? ಅಕಿ ನಮಗ ತ್ರಾಸ ಆಗಬಾರದಂತ ಮುಚ್ಚಿಟ್ಟಾಳ. ನಾವ ಕೇಳಿ ಅಕಿ ಧೈರ್ಯಾ ಕೆಡಸೂದಾ?"

ಇಷ್ಟು ಹೇಳಿ ಅವರು ನನ್ನ ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡರು. ಆ ಅಳುವಿನಲ್ಲಿ ನಾಟಕವಿರಲಿಲ್ಲ. ನನಗೂ ಸಂಕಟವಾಯಿತು.

ಮರುದಿನ ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ತವನಪ್ಪನವರ ಔಷಧ ಅಂಗಡಿಗೆ ಹೋದರು. ತವನಪ್ಪನವರು ನಮ್ಮ ಓಣಿಯ ಜೈನರು. ಗುಳಿಗೆ ಮಾರಿ ಮಾರಿ, ಡಾಕ್ಟರುಗಳ ಅಕ್ಷರ ಓದಬಲ್ಲ ಏಕೈಕ ಮನುಷ್ಯ ತಾನೆಂಬ ನಂಬಿಕೆ ಅವರಿಗೆ ಬಂದಿತ್ತು. "ಗೊತ್ತಿಲ್ಲ" ಎನ್ನದವರ ಪಂಗಡದಲ್ಲಿ ಅವರು ಸಿದ್ರಾಮಪ್ಪನವರ ಖಾಸಾ ತಮ್ಮ.

"ಅಥಣ್ಯಾಗ ನಮ್ಮ ಬೀಗರೊಬ್ಬರ ಮಗಳದು" ಎಂದು ಸಿದ್ರಾಮಪ್ಪನವರು ಮೊಬೈಲು ಮುಂದೆ ಹಿಡಿದರು.

ತವನಪ್ಪನವರು ಕನ್ನಡಕ ತೆಗೆದರು, ಒರೆಸಿದರು, ಹಾಕಿದರು. "ವಯಸ್ಸೆಷ್ಟು?"

"ಇಪ್ಪತ್ತಾರು."

"ಛೇ. ಲಗ್ನಾ?"

"ಐತವಾರ ನೋಡಾಕ ಬರಾಕತ್ತಾರ."

"ಛೇ ಛೇ ಛೇ!" ಎಂದರು ತವನಪ್ಪನವರು. ಐತವಾರ ಯಾರನ್ನು ನೋಡಲು ಯಾರು ಬರುತ್ತಿದ್ದಾರೆಂದು ಓಣಿಗೆಲ್ಲ ತಿಳಿದಿತ್ತು. "ಇದು ಹೃದಯದ ಎಡಗಡೆ ಝಡಪಾ, ಅಂದ್ರ ವಾಲ್ವು. ಕೆಂಪಗ ಕಾಣತೇತಲ್ಲ, ಅಲ್ಲಿಂದ ರಕ್ತ ಹಿಂದ ಹೊಳ್ಳಾಕತ್ತೇತಿ. ಫೋಟೋ ಕಳಸ್ರಿ. ನಮ್ಮ ಸಂಮೇದಗ ತೋರಿಸಿಯೇ ಬಿಡೂಣು. ಅಥಣಿ ಬೀಗರಿಗೆ ಹೇಳ್ರಿ, ಧೈರ್ಯಾ ಬಿಡಬ್ಯಾಡ್ರಿ."

ಸಂಮೇದ ಎಂದರೆ ತವನಪ್ಪನವರ ಅಣ್ಣನ ಮಗ, ಹೆಸರಾದ ಹೃದಯದ ಡಾಕ್ಟರು. ಫೋಟೋ ಅವನಿಗೆ ಹೋಗುವ ಮೊದಲು ತವನಪ್ಪನವರ ಹೆಂಡತಿಗೆ ಹೋಯಿತು, ಅಲ್ಲಿಂದ ಅವರ ಭಜನಾ ಮಂಡಳಕ್ಕೆ, ಅಲ್ಲಿಂದ ಸಾಂಗಲಿ ಹತ್ತಿರದ ಡಿಗ್ರಜಕ್ಕೆ, ಡಿಗ್ರಜದಿಂದ ಕೃಷ್ಣೆಯನ್ನು ದಾಟಿ ಎಲ್ಲೆಲ್ಲಿಗೋ. ಹೋದಲ್ಲೆಲ್ಲ ಯಾರೂ ಇದೇನು ಗೊತ್ತಿಲ್ಲ ಎನ್ನಲಿಲ್ಲ. ಒಬ್ಬರು ಝಡಪಾ ಎಂದರು, ಒಬ್ಬರು ನರ ಎಂದರು, ಮತ್ತೊಬ್ಬರು ಬೆಳ್ಳುಳ್ಳಿ ಜಜ್ಜಿ ಹಚ್ಚಿರಿ ಎಂದರು.

ಸಂಜೆಯ ಹೊತ್ತಿಗೆ ಅದು ಸಿದ್ರಾಮಪ್ಪನವರ ಮೊಬೈಲಿಗೇ ಮರಳಿ ಬಂತು. ಕೆಳಗೆ ಕೈಮುಗಿದ ಚಿತ್ರ, "ಈ ತಾಯಿಗಾಗಿ ಪ್ರಾರ್ಥಿಸಿ, ಎಲ್ಲರಿಗೂ ಕಳಿಸಿ" ಎಂಬ ಒಕ್ಕಣೆ. ಅವರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು.

"ಮಾಸ್ತರ, ಸಾಥಿ ಬಂದೈತ್ರಿ ಸಾಥಿ, ಊರಿಗೆಲ್ಲ ಹಬ್ಬೂ ಬ್ಯಾನಿ! ಇನ್ನೊಬ್ಬರ ಮನಿ ಹುಡುಗಿಗೂ ಇದ ರೋಗ! ಹುಬೇಹೂಬ ಇದ ಕೆಂಪು! ಪಾಪ, ಯಾರ ಹೊಟ್ಟೀದೋ!"

ನಾನು ಸುಮ್ಮನೆ ಫೋಟೋದ ಮೂಲೆಯನ್ನು ಬೆರಳಿಂದ ದೊಡ್ಡದು ಮಾಡಿ ತೋರಿಸಿದೆ. ಹೆಬ್ಬೆರಳು. ಉಗುರಿನ ಸಂದಿಯಲ್ಲಿ ಬೆಲ್ಲ.

ಶುಕ್ರವಾರ ಡಾಕ್ಟರ್ ಸಂಮೇದನ ದವಾಖಾನೆ. ನನ್ನ ಶಾಲೆಗೆ ಅರ್ಧ ದಿನ ರಜೆ ಬಿತ್ತು. ವಾಲ್ವಿನ ವಿಷಯ ಮೊದಲೇ ಹೇಳಿದ್ದೇನೆ. ಡಾಕ್ಟರು ಮೊಬೈಲನ್ನು ಅಡ್ಡ ಹಿಡಿದು ನೋಡಿದ, ಉದ್ದ ಹಿಡಿದು ನೋಡಿದ, ಆಮೇಲೆ ತಿರುಗಿ ಕೊಟ್ಟ.

"ಕಾಕಾ, ಹೇ ಮಲಾ ಮಾಹಿತ ನಾಹೀ. ಇದೇನಂತ ನನಗ ಗೊತ್ತಿಲ್ಲ."

ಸಿದ್ರಾಮಪ್ಪನವರು ಸ್ಟೂಲಿನ ಮೇಲೆ ಕುಸಿದರು.

"ಇದು ಹಾರ್ಟಿಂದು ಅಲ್ಲ ಕಾಕಾ" ಎಂದ ಡಾಕ್ಟರು ಗಾಬರಿಯಾಗಿ. "ನನಗ ತಿಳಿಯೂದು ಈ ಬೆರಳ ಒಂದ. ಈ ಬೆರಳಿನ ಮನಿಷ್ಯಾ ಖಡಕ್ ಅದಾನ. ಉಳಿದದ್ದು ನನಗ ಖರೇನ ಗೊತ್ತಿಲ್ಲ. ಎಲ್ಲಿ ತೆಗಿಸೀರೋ ಅವರನ್ನ ಕೇಳ್ರಿ."

ಇಷ್ಟು ಸ್ಪಷ್ಟವಾಗಿ ಒಬ್ಬ ಡಾಕ್ಟರು ಮಾತಾಡಿದ್ದನ್ನು ನಾನು ಈವರೆಗೆ ಕೇಳಿಲ್ಲ. ಆದರೆ ಹೊರಗೆ ಬಂದ ಮೇಲೆ ಸಿದ್ರಾಮಪ್ಪನವರು ಎಳನೀರಿನ ಗಾಡಿಯನ್ನು ಹಿಡಿದು ನಿಂತುಬಿಟ್ಟರು.

"ಕೇಳಿದ್ರೇನ್ರಿ ಮಾಸ್ತರ? ಇಷ್ಟ ದೊಡ್ಡ ಡಾಕ್ಟರಗ ಗೊತ್ತಿಲ್ಲಂತ. ಗೊತ್ತಿಲ್ಲ ಅನ್ನೂ ಹಂತಾ ರೋಗ ಅಂದ್ರ ಅದೆಂಥಾದ್ದಿರಬೇಕು!"

"ಹಾರ್ಟಿನದಲ್ಲ ಎಂದರಲ್ಲರೀ!"

"ಸಮಾಧಾನಕ್ಕ ಹಂಗ ಹೇಳ್ತಾರ್ರಿ" ಎಂದರು ಅವರು ಕಣ್ಣೀರು ಸುರಿಸುತ್ತ. "ನಾನೂ ಹೇಳ್ತೇನಲ್ಲ!"



ಸಿದ್ರಾಮಪ್ಪನವರು ಹೆಂಡತಿಗೆ, ಹೆಂಡತಿ ತವರಿಗೆ ಸುದ್ದಿ ಮುಟ್ಟಿಸಿ, ಶನಿವಾರ ಮನೆ ತುಂಬಿತು. ಮ್ಹೈಸಾಳದಿಂದ ಸರುಬಾಯಿಯ ತಮ್ಮ ಭರಮಣ್ಣ ಒಂದು ಕ್ಯಾನು ಕಬ್ಬಿನ ಹಾಲು, ಒಂದು ಬುಟ್ಟಿ ದ್ರಾಕ್ಷಿ ಹೊತ್ತು ಬಂದ. ಭರಮಣ್ಣನದು ಧಾರಾಳ ಹೃದಯ, ಅದಕ್ಕಿಂತ ಧಾರಾಳ ಗಂಟಲು. ಗುಟ್ಟಾಗಿ ಹೇಳಿದ್ದು ಪಂಪಿನ ನೀರಿನಂತೆ ನಾಲ್ಕು ಹೊಲ ದಾಟಿ ಕೇಳುತ್ತಿತ್ತು. ಪ್ರಣಿತಾ ನೀರಿನ ತಂಬಿಗೆ ಎತ್ತಿದರೆ "ಬ್ಯಾಡ! ಬ್ಯಾಡವಾ! ಭಾರ ಎತ್ತಬ್ಯಾಡ!" ಎಂದು ಕಸಿದುಕೊಂಡ. ಕುರ್ಚಿಯಿಂದ ಎದ್ದರೆ "ಹಗೂರಕ, ಹಗೂರಕ" ಎಂದು ಮೊಣಕೈ ಹಿಡಿದ. ನೋಡಲು ಬರುವ ಹಿಂದಿನ ದಿನ ಹೀಗೆಲ್ಲ ಮುದ್ದು ಮಾಡುವುದು ತಮ್ಮ ಮನೆಯ ಪದ್ಧತಿಯಿರಬೇಕೆಂದು ತಿಳಿದು ಹುಡುಗಿ ಸಿಡುಕುತ್ತ, ಕಿವಿಯಲ್ಲಿ ಇಯರ್‌ಫೋನು ಇನ್ನಷ್ಟು ಒಳಗೆ ತಳ್ಳಿ ಕೂತಳು.

ಮಧ್ಯಾಹ್ನ ಆಕೆ ಒಮ್ಮೆಲೇ ಮೇಜು ಗುದ್ದಿ ಕೂಗಿದಳು: "ಸಾಪಡಲಂ! ಸಿಕ್ಕತು ನೇತ್ರಾ, ಸಿಕ್ಕತು!" ಅಡುಗೆಮನೆಯಲ್ಲಿ ಎಲ್ಲರೂ ಬಾಗಿಲಿಗೆ ಕಿವಿ ಹಚ್ಚಿದರು. ಮನೆ ಮಾಲೀಕರೇ ಹಚ್ಚಿದ ಮೇಲೆ ನಾನೂ ಹಚ್ಚಿದೆ.

"ಒಂದ ಒಂದು! ಹುಟ್ಟಿದಾಗಿಂದ ಹಂಗ ಐತಿ, ಯಾರೂ ನೋಡಿಲ್ಲ. ಹೂಂ, ಈಗ ಅದನ್ನ ತಗದು ಬ್ಯಾರೆ ಕೂಡಿಸಿಬಿಡ್ತೇನಿ."

"ಹುಟ್ಟಿದಾಗಿಂದನಾ?" ಎಂದು ಸರುಬಾಯಿ ತಮ್ಮ ಹೊಟ್ಟೆ ಹಿಡಿದುಕೊಂಡರು. "ಶಿವನ, ನಾ ಬಸರಿದ್ದಾಗ ಗ್ರಹಣಾ ನೋಡಿದ್ದೆ!"

"ತಗದು ಬ್ಯಾರೆ ಕೂಡಸ್ತಾರಂತ!" ಎಂದು ಭರಮಣ್ಣ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತ. ಹೃದಯ ಬದಲಿಸುವ ಮಾತು ಎಂದು ಅವನಿಗೆ ಖಾತ್ರಿಯಾಗಿತ್ತು. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡು ಸಿದ್ರಾಮಪ್ಪನವರ ಕಿವಿಯಲ್ಲಿ, ಅಂದರೆ ಓಣಿಗೆಲ್ಲ ಕೇಳುವಂತೆ, ಉಪಾಯ ಹೇಳಿದ: "ಮಾವಾರ, ಬೀಗರಿಗೆ ಏನೂ ಹೇಳಬ್ಯಾಡ್ರಿ. ನಾಳೆ ಕುಂಕುಮಾ ಹಚ್ಚಿ ಹೋಗಲಿ. ಅಕ್ಕಿಕಾಳ ಬಿದ್ದ ಮ್ಯಾಲ ನೋಡಿದ್ರಾತು."

ಸಿದ್ರಾಮಪ್ಪನವರು ತಲೆ ಎತ್ತಿದರು. "ಭರಮಣ್ಣಾ, ನಾ ಬಾಯಿಗೆ ಬಂದದ್ದ ಹೇಳಿರಬಹುದು. ಬೆಲ್ಲದಾಗ ಮಣ್ಣ ಬೆರಸಿಲ್ಲ. ಲಗ್ನ ಮುರದ್ರ ಮುರೀಲಿ. ಇದ್ದದ್ದ ಇದ್ದಂಗ ಹೇಳ್ತೇನಿ."

ನಾನು ಆ ಮನುಷ್ಯನ ಮೇಲೆ ಬಹಳ ಸಲ ಸಿಟ್ಟಾಗಿದ್ದೇನೆ. ಆ ದಿನ ಆಗಲಿಲ್ಲ.

ಐತವಾರ ಹೊತ್ತಿಗೆ ಸರಿಯಾಗಿ ಸಾಂಗಲಿಯವರು ಬಂದರು. ಗುರಲಿಂಗಪ್ಪನವರು, ಮಗ ಸೌರಭ, ಮತ್ತು ಕೋಲೂರಿಕೊಂಡು, ಮೊಣಕಾಲು ಹಿಡಿಯುತ್ತ, ಪ್ರತಿ ಮೆಟ್ಟಿಲಿಗೂ ಶಿವನನ್ನು ಬೈಯುತ್ತ ಗುರಲಿಂಗಪ್ಪನವರ ತಾಯಿ ನೀಲಗಂಗವ್ವ. ಪ್ರಣಿತಾ ಅವಲಕ್ಕಿಯ ತಾಟು ಹಿಡಿದು ಬಂದಳು. ಈ ಕಡೆ ಹುಡುಗಿ ನೋಡುವ ಶಾಸ್ತ್ರದ ಹೆಸರೇ ಕಾಂದೇ ಪೋಹೆ, ಅವಲಕ್ಕಿಯಿಲ್ಲದೆ ಅದು ನಡೆಯದು. ಆಕೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಭರಮಣ್ಣ ಹಾರಿ ಬಂದು ತಾಟು ಕಸಿದುಕೊಂಡ. ಸರುಬಾಯಿ ಮಗಳ ಬೆನ್ನಿಗೆ ದಿಂಬು ಕೊಟ್ಟರು. ಸಿದ್ರಾಮಪ್ಪನವರು ಬೀಸಣಿಗೆ ತೆಗೆದುಕೊಂಡು ಗಾಳಿ ಹಾಕತೊಡಗಿದರು.

ನೀಲಗಂಗವ್ವ ಇದನ್ನೆಲ್ಲ ನೋಡಿ, "ನೋಡಾಕ ಬಂದದ್ದು ಹುಡುಗೀನೋ, ಬಾಣಂತೀನೋ?" ಎಂದರು.

ಗುರಲಿಂಗಪ್ಪನವರು ಕೆಮ್ಮಿದರು. ಅವಲಕ್ಕಿ ಮುಟ್ಟದೆ ಮೊಬೈಲು ತೆಗೆದು ನಡುವೆ ಇಟ್ಟರು. "ಸಿದ್ರಾಮಪ್ಪಣ್ಣಾರ, ಸಿಟ್ಟಾಗಬ್ಯಾಡ್ರಿ. ಇದು ನಮಗ ಡಿಗ್ರಜದಿಂದ ಬಂತು. ಯಾರದಿದು?"

ಅದೇ ಫೋಟೋ. ಅದೇ ಹೆಬ್ಬೆರಳು. ಸಿದ್ರಾಮಪ್ಪನವರು ತಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡರು. ಆಮೇಲೆ ಮೆಲ್ಲಗೆ ಬಿಚ್ಚಿದರು.

"ನನ್ನ ಮಗಳದ್ರಿ" ಎಂದರು. ದನಿ ಒಡೆಯಿತು. "ಹುಟ್ಟಿನಿಂದ ಐತಂತ. ನಮಗೂ ಮೊನ್ನೆ ತಿಳೀತು. ನಿಮಗ ಮೋಸ ಮಾಡಂಗಿಲ್ಲ. ನೀವು ಎದ್ದ ಹೋಗ್ರಿ, ನಾ ತಪ್ಪ ತಿಳಿಯಂಗಿಲ್ಲ." ಸರುಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಭರಮಣ್ಣ ಅತ್ತದ್ದು ಸ್ಟೇಶನ್ನಿಗೆ ಕೇಳಿರಬೇಕು.

ಪ್ರಣಿತಾ ಬಗ್ಗಿ ಮೊಬೈಲು ಎತ್ತಿಕೊಂಡಳು. ನೋಡಿದಳು. ಅಪ್ಪನನ್ನು ನೋಡಿದಳು.

"ಅಪ್ಪಾ, ಇದು ನನ್ನ ಸ್ಕ್ರೀನು."

"ಗೊತ್ತೈತವಾ, ಸ್ಕ್ರೀನಿನ ಮ್ಯಾಲ ನಿನ್ನ ಹೆಸರ ಇತ್ತಲ್ಲ."

"ಅದು ಫೈಲಿನ ಹೆಸರು! ಇದು ಹೃದಯ ಅಲ್ಲಪ್ಪಾ, ಡಬ್ಬಿ! ಸಲಾಯಿನ್ ಡಬ್ಬಿ!" ಎಂದು ಆಕೆ ಒಳಗೆ ಓಡಿದಳು. "ಓಡಬ್ಯಾಡವಾ!" ಎಂದು ಭರಮಣ್ಣ ಬೆನ್ನು ಹತ್ತಿದ. ಸಾಬೂನಿನ ಡಬ್ಬಿಯಂಥದನ್ನು ತಂದು ಆಕೆ ಅವಲಕ್ಕಿಯ ಪಕ್ಕದಲ್ಲಿ ಇಟ್ಟಳು. "ದವಾಖಾನ್ಯಾಗ ಸಲಾಯಿನ್ ಬಾಟಲಿ ಖಾಲಿ ಆಗ್ತೇತೇನಂತ ಮಂದಿ ರಾತ್ರಿ ಪೂರಾ ಎಚ್ಚರ ಕುಂದರತಾರಲ್ಲ, ಅವರ ಬದ್ಲಿ ಇದು ಕುಂದರತೇತಿ. ಖಾಲಿ ಆಗಾಕ ಬಂದ್ರ ಗಂಟಿ ಬಾರಸ್ತೇತಿ. ಇದರ ಒಳಗಿನ ಸರ್ಕಿಟ್ ಹೆಂಗಿರಬೇಕಂತ ನಾವು ಮೊದಲು ಅಕ್ಷರದಾಗ ಬರೀತೇವಿ. ಅದಕ್ಕಂತ ಒಂದು ಭಾಷಾನ ಐತಿ. ಬರದದ್ದನ್ನ ಕಂಪ್ಯೂಟರ್‌ನ್ಯಾಗ ಓಡಿಸಿ ನೋಡ್ತೇವಿ. ಆ ಗೆರಿ ಇವು."

ಈ ತನಕ ಬಾಯಿ ಬಿಡದಿದ್ದ ಸೌರಭ ಕೇಳಿದ. "ಮತ್ತ ಈ ಕೆಂಪು?"

"ಕೆಂಪಂದ್ರ ಗೊತ್ತಿಲ್ಲ ಅಂತ."

"ನಿಮಗ ಗೊತ್ತಿಲ್ಲಾ?"

"ಅಲ್ಲ! ಕಂಪ್ಯೂಟರ್ ಹೇಳಾಕತ್ತೇತಿ, ಇಲ್ಲಿ ಸೊನ್ನಿ ಐತೋ ಒಂದ ಐತೋ ನನಗ ಗೊತ್ತಿಲ್ಲ ಅಂತ. ಡಬ್ಬಿ ಚಾಲೂ ಮಾಡಿದ ಕೂಡಲೇ ಒಳಗ ಸೊನ್ನಿ-ಒಂದು ಇಡೂ ಪ್ರತಿ ಮನಿಗೂ ಇದರಿಂದ ಶುರು ಮಾಡು ಅಂತ ಹೇಳಬೇಕು. ಒಂದ ಮನಿಗೆ ಹೇಳಾಕ ಮರತಿದ್ದೆ. ಮೊದಲ ಎರಡ ತಿಂಗಳು ಎಲ್ಲಾ ಹಸಿರ ಕಾಣಸ್ತು, ಗೊತ್ತಾಗಲಿಲ್ಲ. ಹುಟ್ಟಿದಾಗಿಂದ ಅದು ಹಂಗ ಕುಂತಿತ್ತು. ಅದನ್ನ ತಗದು, ಶುರು ಹೇಳಿದ್ದನ್ನ ಕೂಡಿಸಿದೆ, ಎಲ್ಲಾ ಹಸಿರು ಆತು. ಮುಗೀತು."

ಸರುಬಾಯಿ ಗ್ರಹಣದಿಂದ ಬಿಡುಗಡೆಯಾದವರಂತೆ ಉಸಿರು ಬಿಟ್ಟರು.

"ಆದ್ರ ಮೊದಲ ಎರಡ ತಿಂಗಳು ಎಲ್ಲಾ ಹಸಿರ ಹೆಂಗ ಇತ್ರಿ?" ಎಂದ ಸೌರಭ. ಹುಡುಗ ಕಿವಿಗೊಟ್ಟು ಕೇಳುತ್ತಿದ್ದ.

"ಅದ ನೋಡ್ರಿ ಅಂಜಿಕಿ ಮಾತು. ಖಾಲಿ ಆಗಿದ್ರ ಗಂಟಿ ಬಾರಸು, ಇಲ್ಲಾಂದ್ರ ಸುಮ್ಮನಿರು ಅಂತ ಬರದಿದ್ದೆ. ಖಾಲಿ ಆಗೇತೋ ಇಲ್ಲೋ ಗೊತ್ತಿಲ್ಲ ಅಂದಾಗ ಅದು ಬಾಯಿಮುಚ್ಚಿ 'ಇಲ್ಲಾಂದ್ರ' ಅನ್ನೂ ದಾರಿ ಹಿಡೀತು. ಗೊತ್ತಿಲ್ಲ ಅನ್ನೂದನ್ನ ನುಂಗಿಬಿಡ್ತು. ಪೇಶಂಟಿನ ಬಾಟಲಿ ಖಾಲಿ ಆಗಿದ್ರೂ ಡಬ್ಬಿ ಏನ ಅಂತಿತ್ತು? ಏನೂ ಆಗಿಲ್ಲ, ಎಲ್ಲಾ ಚಲೋ ಐತಿ."

ಎಲ್ಲರೂ ಸಿದ್ರಾಮಪ್ಪನವರ ಕಡೆ ನೋಡಿದರು. ಅವರು ಡಬ್ಬಿಯ ಕಡೆ ನೋಡುತ್ತಿದ್ದರು.

"ಅದಕ್ಕ ಮೊನ್ನೆ ನಾನ ಡಬ್ಬಿಗೆ ಹೇಳಿದೆ" ಎಂದಳು ಪ್ರಣಿತಾ, ಅಪ್ಪನ ಕಡೆ ನೋಡದೆ. "ನುಂಗಬ್ಯಾಡ. ಗೊತ್ತಿಲ್ಲದಿದ್ರ ಗೊತ್ತಿಲ್ಲ ಅನ್ನು. ಆಗ ಪೂರಾ ಕೆಂಪಾತು. ಕೆಂಪಾಗಿದ್ದಕ್ಕ ತಪ್ಪು ಸಿಕ್ಕತು."

ಗುರಲಿಂಗಪ್ಪನವರು ಜೋರಾಗಿ ನಕ್ಕು, ಅವಲಕ್ಕಿಯ ತಾಟಿಗೆ ಕೈ ಹಾಕಿದರು. "ಆತಲ್ರಿ ಮತ್ತ! ಹುಡುಗಿ ಠಣಠಣಿತ, ಗಟ್ಟಿಮುಟ್ಟ ಅದಾಳ. ಕುಂಕುಮಾ ತರ್ರಿ!"

"ತಡಿಯೋ" ಎಂದರು ನೀಲಗಂಗವ್ವ. ಕೋಲಿನಿಂದ ಮಗನ ತಾಟನ್ನು ಸರಿಸಿ ಸಿದ್ರಾಮ‌ಪ್ಪನವರ ಕಡೆ ತಿರುಗಿದರು. "ಯಪ್ಪಾ, ಇಂವ ಫೋನ್‌ನ್ಯಾಗ ಕೇಳಿದಾಗ ಹುಡುಗೀದು ಹೂಂ ಐತಿ ಅಂದ್ರಂತಲ್ಲ. ಅದು ಖರೇ ಹೂಂ ಏನು, ಈ ಡಬ್ಬಿ ಹೂಂ ಏನು?"

ಸಿದ್ರಾಮಪ್ಪನವರ ಬಾಯಿ ತನ್ನ ಮೂವತ್ತು ವರ್ಷದ ಚಾಳಿಯಂತೆ ತಾನೇ ತೆರೆಯಿತು. "ಹೂಂ" ತುಟಿಯ ತನಕ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಪ್ರಣಿತಾ ತಲೆ ತಗ್ಗಿಸಿ ಡಬ್ಬಿಯ ವೈರನ್ನು ಬೆರಳಿಗೆ ಸುತ್ತುತ್ತಿದ್ದಳು. ಅವರು ಅದನ್ನು ನೋಡಿದರು. ಬಾಯಿ ಮುಚ್ಚಿತು.

"ಗೊತ್ತಿಲ್ರಿ ಅವ್ವಾರ" ಎಂದರು. "ನಾ ಕೇಳೇ ಇಲ್ಲ."

ಸರುಬಾಯಿಯ ಕೈಯಿಂದ ಚಹಾದ ಕಪ್ಪು ಬಿತ್ತು. ನನ್ನ ಕೈಯಲ್ಲೂ ಒಂದಿತ್ತು, ನಾನು ಎರಡೂ ಕೈಯಿಂದ ಹಿಡಿದುಕೊಂಡೆ.

ಸಿದ್ರಾಮಪ್ಪನವರು ಬೀಸಣಿಗೆ ಕೆಳಗಿಟ್ಟು ಮಗಳ ಎದುರಿಗೆ ಕೂತರು. "ಪ್ರಣಿತಾ, ಮೊದಲ ಕೇಳಬೇಕಾಗಿತ್ತವಾ. ಈಗ ಕೇಳ್ತೇನಿ. ನಿನ್ನ ಮನಸಿನ್ಯಾಗ ಏನೈತಿ?"

ಪ್ರಣಿತಾಳ ಕಣ್ಣು ತುಂಬಿದವು. "ನನಗೂ ಗೊತ್ತಿಲ್ಲಪ್ಪಾ. ಇವರನ್ನ ಇವತ್ತ ನೋಡೇನಿ. ಮಾತಾಡಿ ಹೇಳ್ಲೇನು?"

"ಖರೇ ಹೇಳಬೇಕಂದ್ರ" ಎಂದ ಸೌರಭ ತಡವರಿಸುತ್ತ, "ನನ್ನೂ ಯಾರೂ ಕೇಳಿಲ್ರಿ."

ಈಗ ಕೆಂಪಾಗುವ ಸರದಿ ಗುರಲಿಂಗಪ್ಪನವರದಾಯಿತು. ನೀಲಗಂಗವ್ವ ಕೋಲಿನಿಂದ ಮಾಳಿಗೆಯ ಕಡೆ ತೋರಿಸಿ, "ಹೋಗ್ರಿ, ಮ್ಯಾಲ ಹೋಗಿ ಮಾತಾಡ್ರಿ" ಎಂದರು. ಮೇಲಿರುವುದು ನನ್ನ ಮನೆ. ನನ್ನನ್ನೂ ಯಾರೂ ಕೇಳಲಿಲ್ಲ. ನನ್ನ ಎರಡೂ ಕುರ್ಚಿಗಳನ್ನು ತಾರಸಿಯ ಮೇಲೆ ಹಾಕಿಕೊಟ್ಟು ನಾನು ಕೆಳಗೆ ಬಂದೆ.

ಕೆಳಗೆ ಬರುವಷ್ಟರಲ್ಲಿ ನೀಲಗಂಗವ್ವ ತಮ್ಮ ಕೈಚೀಲದಿಂದ ಒಂದು ದೊಡ್ಡ ಲಕೋಟೆ ತೆಗೆಯುತ್ತಿದ್ದರು. "ಯಪ್ಪಾ, ಮಿರಜಿಗೆ ಹೊಂಟೇನಿ ಅಂದ ಕೂಡಲೇ ಎಲ್ಲಾರೂ ಅಂದ್ರು, ಸಿದ್ರಾಮಪ್ಪಗ ತೋರಿಸಿ ಬಾ ಅಂತ. ನನ್ನ ಮೊಣಕಾಲಿನ ಎಕ್ಸ್‌ರೇ."

ಸಿದ್ರಾಮಪ್ಪನವರು ಅದನ್ನು ತೆಗೆದುಕೊಂಡು ಕಿಟಕಿಗೆ ಹೋದರು. ಬೆಳಕಿಗೆ ಹಿಡಿದರು. ಒಂದು ಕಣ್ಣು ಮುಚ್ಚಿದರು. "ಹ್ಞೂಂ" ಎಂದರು. ನಾವೆಲ್ಲ ಕಾದೆವು. ಕೊನೆಗೆ ಮುಚ್ಚಿದ ಕಣ್ಣನ್ನೂ ತೆರೆದು, ಎಕ್ಸ್‌ರೇಯನ್ನು ಲಕೋಟೆಗೆ ಹಾಕಿ, ಅಜ್ಜಿಯ ಕೈಗೆ ಕೊಟ್ಟರು.

"ಅವ್ವಾರ, ಇದರಾಗಿಂದು ನನಗೇನೂ ತಿಳಿಯಂಗಿಲ್ಲ. ಎಂದೂ ತಿಳದಿಲ್ಲ. ನಾಳೆ ಸಂಮೇದನ್ನ ಕೇಳಿ ಚಲೋ ಎಲುಬಿನ ಡಾಕ್ಟರ ಕಡೆ ನಾನ ಕರಕೊಂಡ ಹೋಗ್ತೇನಿ."

"ಅಯ್ಯೋ ಶಿವನ!" ಎಂದು ಭರಮಣ್ಣ ಎದೆ ಬಡಿದುಕೊಂಡ. "ಮಾವಾರಿಗೆ ಸುದ್ದಾ ತಿಳೀವಲ್ದಂದ್ರ ಮುದುಕಿ ಮುಗದಂಗ!"

"ಮುಗೀಲಿ ನಿಮ್ಮಪ್ಪ!" ಎಂದು ನೀಲಗಂಗವ್ವ ಕೋಲೆತ್ತಿದರು. "ಸಾಂಗ್ಲ್ಯಾಗ ಎಲ್ಲಾರೂ ಇದನ್ನ ನೋಡಿ ಒಬ್ಬೊಬ್ಬರು ಒಂದೊಂದು ಹೇಳ್ಯಾರ. ತಿಳಿಯಂಗಿಲ್ಲ ಅಂದಾಂವ ಇಂವ ಒಬ್ಬ. ನಾಳೆ ಇವನ ಕೂಡ ಹೋಗಾಕಿ ನಾ."

ಮೇಲಿನಿಂದ ಒಮ್ಮೆ ನಗುವಿನ ಸದ್ದು ಬಂತು. ಸರುಬಾಯಿ ಮತ್ತು ಗುರಲಿಂಗಪ್ಪನವರು ಇಬ್ಬರೂ ಸೂರಿನ ಕಡೆ ನೋಡಿದರು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಕಡೆಗೆ ಇಬ್ಬರೂ ಕೆಳಗಿಳಿದು ಬಂದರು. ಏನಾಯಿತೆಂದು ಯಾರಿಗೂ ಮುಖದಿಂದ ಓದಲಾಗಲಿಲ್ಲ. ಅಷ್ಟರಲ್ಲಿ ಸಿದ್ರಾಮಪ್ಪನವರ ಮೊಬೈಲು ಹೊಡೆದುಕೊಂಡಿತು. ತವನಪ್ಪನವರು. ಅವರ ದನಿಯೂ ಭರಮಣ್ಣನದರ ಜಾತಿಯದೇ, ಕಿವಿಗೆ ಹಿಡಿಯುವ ಅಗತ್ಯವಿರಲಿಲ್ಲ.

"ಏನಾತ್ರಿ ಸಿದ್ರಾಮಪ್ಪಾ? ಲಗ್ನ ನಕ್ಕಿ ಆತೋ ಮುರೀತೋ? ಇಲ್ಲೆ ಅಂಗಡ್ಯಾಗ ಮಂದಿ ಕಾಯಾಕತ್ತೇತಿ! ನಾ ಏನ ಹೇಳ್ಲಿ?"

ಸಿದ್ರಾಮಪ್ಪನವರು ಮಗಳ ಕಡೆ ನೋಡಿದರು.

"ನನಗ ಗೊತ್ತಿಲ್ಲಪ್ಪಾ" ಎಂದರು. "ತಡಿ, ಗೊತ್ತಿದ್ದವರ ಕೈಯಾಗ ಕೊಡ್ತೇನಿ."

ಎಂದು ಮೊಬೈಲನ್ನು ತಮ್ಮ ಅಂಗಿಯ ತುದಿಗೆ ಒರೆಸಿ, ಬೆಲ್ಲದ ಅಂಟು ಹೋಯಿತೋ ಇಲ್ಲವೋ ನೋಡಿ, ಪ್ರಣಿತಾಳ ಕೈಗೆ ಕೊಟ್ಟರು.